ಎರಡು ಶಾಟ್‌ಗಳ ನಡುವೆ ಏನಿಡಬೇಕು? ಕಟ್, ಡಿಸಾಲ್ವ್, ಫೇಡ್ ಆರಿಸುವ ಸಮಗ್ರ ಮಾರ್ಗದರ್ಶಿ

ಕಿರುಚಿತ್ರ ಮಾಡುವವರು ರಫ್ ಕಟ್ (ಎಡಿಟಿಂಗ್‌ನ ಮೊದಲ ಕರಡು) ಕಳಿಸಿ "ಒಂದ್ಸಲ ನೋಡಿ ಹೇಳಿ" ಅನ್ನುವುದು ನನಗೆ ಈಗ ಅಭ್ಯಾಸವಾಗಿದೆ. ನೋಡಿದ್ದರಲ್ಲಿ ಹೆಚ್ಚಿನವು ಒಂದೇ ಜಾಗದಲ್ಲಿ ಎಡವುತ್ತವೆ. ಎರಡು ಶಾಟ್ ಸರಿಯಾಗಿ ಕೂರಲಿಲ್ಲ ಅನ್ನಿಸಿದ ಕೂಡಲೇ ನಡುವೆ ಒಂದು ಡಿಸಾಲ್ವ್ (ಒಂದು ಚಿತ್ರ ಕರಗುತ್ತಾ ಇನ್ನೊಂದು ಮೂಡುವುದು) ಎಳೆದು ಹಾಕುತ್ತಾರೆ. ಅದೂ ಸಪ್ಪೆ ಅನ್ನಿಸಿದರೆ, ಎಲ್ಲಿಂದಲೋ ಇಳಿಸಿಕೊಂಡ ಎಫೆಕ್ಟ್ ಪ್ಯಾಕ್‌ನಿಂದ ಗ್ಲಿಚ್, ಝೂಮ್, ಲೈಟ್ ಲೀಕ್. ಸಿನಿಮಾ ನೋಡಿದವರು "ಚೆನ್ನಾಗಿದೆ, ಆದ್ರೆ ಸ್ವಲ್ಪ ಲ್ಯಾಗ್ ಆಯ್ತು" ಅನ್ನುತ್ತಾರೆ. ಯಾಕೆ ಅಂತ ಅವರಿಗೂ ಗೊತ್ತಿರುವುದಿಲ್ಲ, ಮಾಡಿದವರಿಗೂ ಗೊತ್ತಾಗುವುದಿಲ್ಲ.

ಅಜ್ಜಿ ಕಥೆ ಹೇಳುವಾಗ "ಆಮೇಲೆ", "ಅಷ್ಟರಲ್ಲಿ", "ಆದರೆ", "ಹೀಗೇ ಸುಮಾರು ವರ್ಷ ಕಳೀತು" ಅನ್ನುತ್ತಾಳಲ್ಲ, ಸಿನಿಮಾದಲ್ಲಿ ಟ್ರಾನ್ಸಿಷನ್, ಅಂದರೆ ಒಂದು ಶಾಟ್‌ನಿಂದ ಇನ್ನೊಂದಕ್ಕೆ ದಾಟಿಸುವ ಬಗೆ, ಮಾಡುವ ಕೆಲಸ ಅದೇ. "ಅಷ್ಟರಲ್ಲಿ" ಅನ್ನಬೇಕಾದ ಕಡೆ "ವರ್ಷ ಕಳೀತು" ಅಂದುಬಿಟ್ಟರೆ ಕೇಳುವವರು ದಾರಿ ತಪ್ಪುತ್ತಾರೆ. ಅದಕ್ಕೇ ಈ ಬರಹದಲ್ಲಿ ಯಾವ ಎಫೆಕ್ಟ್ ಚೆಂದ ಅನ್ನುವ ಮಾತು ಬರುವುದಿಲ್ಲ. ಯಾವ ಕ್ರಮದಲ್ಲಿ ಕೆಲಸ ಮಾಡಿದರೆ ಸರಿಯಾದ "ಆಮೇಲೆ" ಸಿಗುತ್ತದೆ ಅನ್ನುವುದಷ್ಟೇ. ಕ್ರಮ ಮಾತ್ರ ತಪ್ಪಿಸಬೇಡಿ. ಹಂತ 5ಕ್ಕೆ ನೇರವಾಗಿ ಹಾರಿದವರೇ ಮತ್ತೆ ಮತ್ತೆ ಸೋಲುವುದು.

## ಶುರು ಮಾಡುವ ಮೊದಲು ಬೇಕಾದದ್ದು

ಎಡಿಟಿಂಗ್ ಸಾಫ್ಟ್‌ವೇರ್ ಯಾವುದಾದರೂ ಆಗುತ್ತದೆ. ಡಾವಿಂಚಿ ರಿಸಾಲ್ವ್‌ನ ಉಚಿತ ಆವೃತ್ತಿ ಧಾರಾಳ ಸಾಕು. ಕೆಡೆನ್‌ಲೈವ್ ಪೂರ್ತಿ ಉಚಿತ. ಪ್ರೀಮಿಯರ್ ಇದ್ದರೆ ಅದೂ ಸರಿ. ಇಲ್ಲಿ ಹೇಳುವ ಯಾವ ಕೆಲಸಕ್ಕೂ ದುಡ್ಡು ಕೊಟ್ಟು ಪ್ಲಗಿನ್ ಕೊಳ್ಳಬೇಕಿಲ್ಲ.

ಜೊತೆಗೆ ಒಂದು ಹೆಡ್‌ಫೋನ್. ಲ್ಯಾಪ್‌ಟಾಪ್ ಸ್ಪೀಕರ್ ನಂಬಿ ಶಬ್ದ ಜೋಡಿಸಬೇಡಿ. ಒಂದು ನೋಟ್‌ಬುಕ್, ಪೆನ್ನು. ಮತ್ತೆ ನಿಮ್ಮ ಕಥೆ ಗೊತ್ತಿಲ್ಲದ ಒಬ್ಬ ಮನುಷ್ಯ. ಅವರು ಕೊನೆಯ ಹಂತಕ್ಕೆ ಬೇಕು. ಅಲ್ಲಿಯವರೆಗೆ ಅವರ ಹತ್ತಿರ ಕಥೆ ಬಾಯಿ ಬಿಡಬೇಡಿ.

ಫೋನಿನಲ್ಲಿ ಚಿತ್ರೀಕರಿಸಿದ್ದರೆ ಒಂದು ಎಚ್ಚರಿಕೆ. ಬಹಳಷ್ಟು ಫೋನುಗಳು ಫ್ರೇಮ್ ರೇಟನ್ನು (ಸೆಕೆಂಡಿಗೆ ಎಷ್ಟು ಚಿತ್ರ ಅನ್ನುವ ಲೆಕ್ಕ) ಹಿಂದೆ ಮುಂದೆ ಆಡಿಸುತ್ತಾ ರೆಕಾರ್ಡ್ ಮಾಡುತ್ತವೆ. ಸಾಫ್ಟ್‌ವೇರಿನಲ್ಲಿ ಕ್ಲಿಪ್ ಜೋಡಿಸುವ ಪಟ್ಟಿಗೆ, ಅಂದರೆ ಟೈಮ್‌ಲೈನಿಗೆ, ಹಾಕಿದರೆ ಸ್ವಲ್ಪ ಹೊತ್ತಿಗೆ ತುಟಿಗೂ ಮಾತಿಗೂ ತಾಳೆ ತಪ್ಪುತ್ತದೆ. ಹ್ಯಾಂಡ್‌ಬ್ರೇಕ್ ಅನ್ನುವ ಉಚಿತ ಸಾಫ್ಟ್‌ವೇರಿನಲ್ಲಿ "ಕಾನ್‌ಸ್ಟಂಟ್ ಫ್ರೇಮ್ ರೇಟ್" ಆರಿಸಿ ಎಲ್ಲ ಕ್ಲಿಪ್‌ಗಳನ್ನೂ ಮೊದಲೇ ಬದಲಾಯಿಸಿಕೊಳ್ಳಿ. ವಾಟ್ಸಾಪಿನಲ್ಲಿ ಮಾಮೂಲಿ ವಿಡಿಯೋ ಆಗಿ ಬಂದ ಕ್ಲಿಪ್ ಬಳಸಬೇಡಿ, ಅದು ಹಿಂಡಿ ಹಿಪ್ಪೆಯಾಗಿರುತ್ತದೆ.

ಪ್ರಾಜೆಕ್ಟಿನ ಫ್ರೇಮ್ ರೇಟ್ ಮೊದಲೇ ನಿರ್ಧರಿಸಿ. ಈ ಬರಹದಲ್ಲಿ ಸೆಕೆಂಡಿಗೆ 24 ಫ್ರೇಮ್ ಅಂತ ಇಟ್ಟುಕೊಂಡಿದ್ದೇನೆ.

## ಹಂತ 1: ಬರೀ ಕಟ್‌ನಲ್ಲಿ ಇಡೀ ಸಿನಿಮಾ ಜೋಡಿಸಿ

ಎಫೆಕ್ಟ್ಸ್ ಪ್ಯಾನೆಲ್ ಮುಚ್ಚಿಬಿಡಿ. ಮೊದಲ ಶಾಟ್‌ನಿಂದ ಕೊನೆಯ ಶಾಟ್‌ವರೆಗೆ ಎಲ್ಲವೂ ನೇರ ಕಟ್, ನಡುವೆ ಏನೂ ಇಲ್ಲದೆ ಒಂದರ ಹಿಂದೆ ಒಂದು. ಹಿನ್ನೆಲೆ ಸಂಗೀತವೂ ಬೇಡ. ಸಂಗೀತ ಒಂದು ಸಲ ಬಂದು ಕೂತರೆ ಕೆಟ್ಟ ಜೋಡಣೆಯೂ ಸರಿಯಾಗಿದೆ ಅನ್ನಿಸಲು ಶುರುವಾಗುತ್ತದೆ.

ಇದು ಒಣ ಶಿಸ್ತಿನ ಮಾತಲ್ಲ. 1962ರ 'ಲಾರೆನ್ಸ್ ಆಫ್ ಅರೇಬಿಯಾ'ದಲ್ಲಿ ನಾಯಕ ಉರಿಯುವ ಬೆಂಕಿಕಡ್ಡಿಯನ್ನು ಉಫ್ ಅಂತ ಊದುತ್ತಾನೆ, ಮರುಕ್ಷಣ ಮರುಭೂಮಿಯ ಅಂಚಿನಲ್ಲಿ ಸೂರ್ಯ ಹುಟ್ಟುವ ಹೊತ್ತು. ಆ ಜಾಗದಲ್ಲಿ ಮೊದಲು ಯೋಚಿಸಿದ್ದು ಡಿಸಾಲ್ವ್. ಆಗೆಲ್ಲ ಡಿಸಾಲ್ವ್ ಲ್ಯಾಬ್‌ನಲ್ಲಿ ತಯಾರಾಗಿ ಬರಬೇಕಿತ್ತು. ಅಲ್ಲಿಯವರೆಗೆ ಎಡಿಟರ್ ಆನ್ ವಿ. ಕೋಟ್ಸ್ ಮತ್ತು ನಿರ್ದೇಶಕ ಡೇವಿಡ್ ಲೀನ್ ಆ ಎರಡು ಶಾಟ್‌ಗಳನ್ನು ಸುಮ್ನೆ ಒಂದರ ಹಿಂದೆ ಒಂದು ಅಂಟಿಸಿ ನೋಡಿದರು. ಡಿಸಾಲ್ವ್ ಬೇಡವೇ ಬೇಡ ಅನ್ನಿಸಿತು. ಅದೇ ಕಟ್ ಉಳಿಯಿತು. ಮೊದಲ ದಿನವೇ ಡಿಸಾಲ್ವ್ ಹಾಕಿ ನೋಡುವ ಅನುಕೂಲ ಇದ್ದಿದ್ದರೆ ಆ ಕಟ್ ಯಾರ ಕಣ್ಣಿಗೂ ಬೀಳದೆ ಹೋಗುತ್ತಿತ್ತೇನೋ. ನಮಗೆ ಆ ಅನುಕೂಲ ಇದೆ, ನಮ್ಮ ಕಷ್ಟವೂ ಅದೇ.

ಸಾಮಾನ್ಯ ತಪ್ಪು: "ಇಲ್ಲಿ ಹೇಗೂ ಫೇಡ್ ಬರುತ್ತೆ" (ಚಿತ್ರ ನಿಧಾನವಾಗಿ ಕಪ್ಪಾಗುವುದು) ಅಂತ ಈಗಲೇ ಜಾಗ ಬಿಡುವುದು. ಬಿಡಬೇಡಿ. ಮನಸ್ಸಿಗೆ ಬಂದದ್ದನ್ನು ಅಲ್ಲೊಂದು ಮಾರ್ಕರ್ ಹಾಕಿ ಬರೆದಿಡಿ, ಅಷ್ಟೇ.

## ಹಂತ 2: ಪ್ರತಿ ಜೋಡಣೆಗೂ ಒಂದು ಮಾತು ಬರೆಯಿರಿ

ಈಗ ನೋಟ್‌ಬುಕ್ ತೆಗೆಯಿರಿ. ದೃಶ್ಯದಿಂದ ದೃಶ್ಯಕ್ಕೆ ದಾಟುವ ಪ್ರತಿ ಜಾಗಕ್ಕೂ ಒಂದು ಸಾಲು. ಆ ಸಾಲಿನಲ್ಲಿ ಮೂರು ಉತ್ತರ ಇರಬೇಕು. ಎಷ್ಟು ಹೊತ್ತು ಕಳೆಯಿತು? ಜಾಗ ಬದಲಾಯಿತಾ? ಎರಡನೇ ಶಾಟ್ ಹೊರಗಡೆ ನಡೆಯುತ್ತಿದೆಯಾ, ಯಾರದಾದರೂ ತಲೆಯೊಳಗೆ ನಡೆಯುತ್ತಿದೆಯಾ?

ಇದಾದ ಮೇಲೆ ನಡುವೆ ಅಜ್ಜಿಯ ಮಾತೊಂದನ್ನು ಹಾಕಿ ಓದಿ. "ಅಮ್ಮ ಕಾಫಿ ಮಾಡಿದಳು, *ಆದರೆ* ಅವನು ಬಸ್ ಹತ್ತಿಯಾಗಿತ್ತು." "ಅಮ್ಮ ಕಾಫಿ ಮಾಡಿದಳು, *ಆಮೇಲೆ* ಅವನು ಬಸ್ ಹತ್ತಿದ." "ಬಸ್ಸಿನಲ್ಲಿ ಕೂತಾಗ *ಅವನಿಗೆ* ಅಮ್ಮನ ಕಾಫಿ *ನೆನಪಾಯಿತು*." ಎರಡೂ ಶಾಟ್ ಅವೇ. ಕಥೆ ಮೂರು. ಇದರಲ್ಲಿ ನಿಮ್ಮದು ಯಾವುದು ಅಂತ ನಿಮಗೇ ಗೊತ್ತಿಲ್ಲದಿದ್ದರೆ ಯಾವ ಎಫೆಕ್ಟೂ ಅದನ್ನು ಹೇಳಿಕೊಡುವುದಿಲ್ಲ.

ಕೆಲವು ಕಡೆ ಪೆನ್ನು ನಿಂತುಬಿಡುತ್ತದೆ. ಯಾವ ಮಾತೂ ಸರಿಹೋಗುವುದಿಲ್ಲ. ಅಲ್ಲಿ ಸಾಮಾನ್ಯವಾಗಿ ಒಂದು ಶಾಟ್ ಜಾಸ್ತಿ ಇರುತ್ತದೆ, ಇಲ್ಲವೇ ಒಂದು ಕಡಿಮೆ ಇರುತ್ತದೆ. ಆ ಜಾಗಕ್ಕೆ ಡಿಸಾಲ್ವ್ ಹಾಕುವುದು ಗೋಡೆ ಬಿರುಕಿಗೆ ಕ್ಯಾಲೆಂಡರ್ ನೇತು ಹಾಕಿದ ಹಾಗೆ.

## ಹಂತ 3: ಕಟ್ ಬೀಳುವ ಫ್ರೇಮ್ ಸರಿ ಮಾಡಿ

"ಇಲ್ಲಿ ಜರ್ಕ್ ಹೊಡೀತಿದೆ, ಟ್ರಾನ್ಸಿಷನ್ ಹಾಕ್ಲಾ?" ಅನ್ನುವುದು ನಾನು ಅತಿ ಹೆಚ್ಚು ಕೇಳುವ ಪ್ರಶ್ನೆ. ಹೆಚ್ಚಿನ ಸಲ ಬೇಕಾಗಿರುವುದು ಟ್ರಾನ್ಸಿಷನ್ ಅಲ್ಲ, ನಾಲ್ಕೈದು ಫ್ರೇಮ್ ಆಚೀಚೆ.

ಒಬ್ಬ ಕುರ್ಚಿಯಲ್ಲಿ ಕೂರುತ್ತಾನೆ ಅಂದುಕೊಳ್ಳಿ. ದೂರದಿಂದ ತೆಗೆದ ವೈಡ್ ಶಾಟ್‌ನಲ್ಲಿ ಪೂರ್ತಿ ಕೂತಾದ ಮೇಲೆ ಹತ್ತಿರದ ಕ್ಲೋಸ್‌ಗೆ ಕಟ್ ಮಾಡಿದರೆ ಕಟ್ ಎದ್ದು ಕಾಣುತ್ತದೆ. ಮೊಣಕಾಲು ಬಗ್ಗಿ ಮೈ ಇಳಿಯುತ್ತಿರುವಾಗಲೇ ಕಟ್ ಮಾಡಿ, ಕ್ಲೋಸ್‌ನಲ್ಲಿ ಇಳಿಯುವುದು ಮುಂದುವರಿಯಲಿ. ನೋಡುವವರ ಕಣ್ಣು ಚಲನೆಯ ಹಿಂದೆ ಹೋಗಿರುತ್ತದೆ, ಕಟ್ ಬಿದ್ದದ್ದೇ ತಿಳಿಯುವುದಿಲ್ಲ.

ಕಣ್ಣು ಎಲ್ಲಿದೆ ಅನ್ನುವುದನ್ನೂ ನೋಡಿ. ಮೊದಲ ಶಾಟ್ ಕೊನೆಗೆ ಎಲ್ಲರೂ ಪರದೆಯ ಬಲಗಡೆ ಬಾಗಿಲನ್ನು ನೋಡುತ್ತಿದ್ದರೆ, ಎರಡನೇ ಶಾಟ್‌ನಲ್ಲಿ ಮುಖ್ಯವಾದದ್ದು ಎಡ ಮೂಲೆಯಲ್ಲಿದ್ದರೆ, ಕಣ್ಣು ಹುಡುಕಾಡುತ್ತದೆ. ಹುಡುಕಾಡುವ ಹೊತ್ತಿಗೆ ಒಂದು ಮಾತು ತಪ್ಪಿಹೋಗಿರುತ್ತದೆ.

ಇನ್ನೊಂದು ಖಾಯಿಲೆ ಶೂಟಿಂಗ್‌ನಿಂದಲೇ ಬಂದಿರುತ್ತದೆ. ಒಂದೇ ವ್ಯಕ್ತಿಯ ಎರಡು ಶಾಟ್, ಕ್ಯಾಮೆರಾ ಸ್ವಲ್ಪವೇ ಜರುಗಿದೆ. ಇವೆರಡನ್ನು ಕೂಡಿಸಿದರೆ ಮನುಷ್ಯ ಪಟಕ್ಕನೆ ಹಾರಿದ ಹಾಗೆ ಕಾಣುತ್ತದೆ. ಕನಿಷ್ಠ 30 ಡಿಗ್ರಿ ಕೋನ ಬದಲಿಸಿ ಅನ್ನುವ ಹಳೇ ನಿಯಮ ಇದಕ್ಕೇ ಇರುವುದು. ಬೇರೆ ಶಾಟ್ ಇಲ್ಲ ಅಂದರೆ ನಡುವೆ ಕೈ, ಗಡಿಯಾರ, ಕೇಳುತ್ತಿರುವವರ ಮುಖ, ಏನಾದರೂ ಒಂದನ್ನು ಇಡಿ. ಆ ಹಾರುವಿಕೆಯೇ ಬೇಕು, ಪಾತ್ರದ ಚಡಪಡಿಕೆ ತೋರಿಸಬೇಕು ಅಂದರೆ ಇಡೀ ದೃಶ್ಯದಲ್ಲಿ ನಾಲ್ಕೈದು ಸಲ ಹಾಗೇ ಮಾಡಿ. ಒಂದೇ ಸಲ ಮಾಡಿದರೆ ಎಲ್ಲರೂ ಎಡಿಟರ್ ತಪ್ಪು ಅಂದುಕೊಳ್ಳುತ್ತಾರೆ.

## ಹಂತ 4: ಚಿತ್ರಕ್ಕಿಂತ ಮೊದಲು ಶಬ್ದ ದಾಟಿಸಿ

ಇಡೀ ಬರಹದಲ್ಲಿ ಒಂದೇ ಹಂತ ಓದುತ್ತೇನೆ ಅಂದರೆ ಇದನ್ನು ಓದಿ.

ಚಿತ್ರ ಮತ್ತು ಶಬ್ದ ಒಂದೇ ಫ್ರೇಮ್‌ನಲ್ಲಿ ಕಟ್ ಆಗಬೇಕು ಅಂತ ಎಲ್ಲೂ ಬರೆದಿಲ್ಲ. ಹೊಸಬರ ಟೈಮ್‌ಲೈನ್ ನೋಡಿದರೆ ಮೇಲಿಂದ ಕೆಳಗೆ ಚಾಕುವಿನಲ್ಲಿ ಕತ್ತರಿಸಿದ ಮೈಸೂರು ಪಾಕಿನ ಹಾಗೆ ಇರುತ್ತದೆ. ನುರಿತವರದ್ದು ಇಟ್ಟಿಗೆ ಗೋಡೆಯ ಹಾಗೆ, ಮೇಲಿನ ಸಂದಿಗೂ ಕೆಳಗಿನ ಸಂದಿಗೂ ನೇರ ಇರುವುದಿಲ್ಲ.

ಮುಂದಿನ ದೃಶ್ಯದ ಶಬ್ದ ಮೊದಲು ಬಂದು, ಚಿತ್ರ ಆಮೇಲೆ ಬಂದರೆ ಅದು ಜೆ-ಕಟ್. ಹಿಂದಿನ ದೃಶ್ಯದ ಶಬ್ದ ಮುಂದಿನ ಚಿತ್ರದ ಮೇಲೂ ಉಳಿದರೆ ಅದು ಎಲ್-ಕಟ್. ಟೈಮ್‌ಲೈನ್‌ನಲ್ಲಿ ಕ್ಲಿಪ್ ಕಾಣುವ ಆಕಾರದಿಂದ ಆ ಹೆಸರು ಬಂದಿದೆ. ಕೀಬೋರ್ಡಿನಲ್ಲಿ ಹಿಂದೆ ಮುಂದೆ ಓಡಿಸುವ ಜೆ, ಎಲ್ ಕೀಗಳಿಗೂ ಇದಕ್ಕೂ ಸಂಬಂಧ ಇಲ್ಲ. ಈ ಗೊಂದಲದಲ್ಲಿ ಅರ್ಧ ದಿನ ಕಳೆದವರನ್ನು ನೋಡಿದ್ದೇನೆ.

ಮಾಡುವ ಬಗೆ ಹೀಗೆ:

1. ಚಿತ್ರಕ್ಕೂ ಶಬ್ದಕ್ಕೂ ಇರುವ ಲಿಂಕ್ ಆಫ್ ಮಾಡಿ. ರಿಸಾಲ್ವ್‌ನಲ್ಲಿ ಇದಕ್ಕೆ ಟೈಮ್‌ಲೈನ್ ಮೇಲೆ ಸರಪಳಿಯ ಚಿಹ್ನೆ ಇರುತ್ತದೆ.
2. ಎರಡನೇ ಕ್ಲಿಪ್‌ನ ಶಬ್ದವನ್ನು ಬೇರೆ ಆಡಿಯೋ ಟ್ರ್ಯಾಕಿಗೆ ನೇರ ಕೆಳಗೆ ಇಳಿಸಿ. ಅಡ್ಡ ಜರುಗಿದರೆ ತುಟಿ ತಾಳ ತಪ್ಪುತ್ತದೆ.
3. ಅದರ ಎಡ ಅಂಚನ್ನು 12ರಿಂದ 24 ಫ್ರೇಮ್ ಹಿಂದಕ್ಕೆ ಎಳೆಯಿರಿ. ಜೆ-ಕಟ್ ಆಯಿತು.
4. ಎಲ್-ಕಟ್ ಬೇಕಿದ್ದರೆ ಮೊದಲ ಕ್ಲಿಪ್‌ನ ಶಬ್ದದ ಬಲ ಅಂಚನ್ನು ಮುಂದಕ್ಕೆ ಎಳೆಯಿರಿ.
5. ಎರಡೂ ತುದಿಗೆ ಸಣ್ಣ ಫೇಡ್ ಕೊಡಿ, ಅಂದರೆ ಸದ್ದು ಮೆಲ್ಲಗೆ ಏರಲಿ, ಮೆಲ್ಲಗೆ ಇಳಿಯಲಿ. ಎರಡು ಮೂರು ಫ್ರೇಮ್ ಕೊಟ್ಟರೂ "ಟಕ್" ಅನ್ನುವ ಸದ್ದು ಹೋಗುತ್ತದೆ.
6. ಲಿಂಕ್ ಮತ್ತೆ ಆನ್ ಮಾಡಿ. ಇದನ್ನು ಮರೆತರೆ ಮುಂದಿನ ಹತ್ತು ನಿಮಿಷದಲ್ಲಿ ಚಿತ್ರಕ್ಕೂ ಶಬ್ದಕ್ಕೂ ಇರುವ ತಾಳೆ (ಸಿಂಕ್) ಇಡೀ ಕೆಡುತ್ತದೆ.

ಸಂಭಾಷಣೆಯಲ್ಲಿ ಇದರ ಬಲ ಚೆನ್ನಾಗಿ ಗೊತ್ತಾಗುತ್ತದೆ. ಮಾತಾಡುವವರನ್ನೇ ತೋರಿಸುತ್ತಾ ಹೋದರೆ ಟೇಬಲ್ ಟೆನಿಸ್ ನೋಡಿದ ಹಾಗಾಗುತ್ತದೆ. ಅಪ್ಪ "ಜಮೀನು ಮಾರಿದೀನಿ" ಅನ್ನುವಾಗ "ಜಮೀನು" ಅನ್ನುವ ಮಾತಿಗೇ ಮಗನ ಮುಖಕ್ಕೆ ಕಟ್ ಮಾಡಿ, "ಮಾರಿದೀನಿ" ಅನ್ನುವುದು ಮಗನ ಮುಖದ ಮೇಲೆ ಬೀಳಲಿ. ದೃಶ್ಯ ಈಗ ಅಪ್ಪನದಲ್ಲ, ಮಗನದು. ಒಂದು ಎಫೆಕ್ಟನ್ನೂ ಬಳಸದೆ ಅರ್ಥ ಬದಲಾಯಿತು.

ಒಂದು ಎಚ್ಚರಿಕೆ: ಪ್ರತಿ ಜಾಗದ ಖಾಲಿ ಸದ್ದು ನಿಮ್ಮ ಹತ್ತಿರ ಇರಬೇಕು. ಶೂಟಿಂಗ್ ಮುಗಿದ ಮೇಲೆ ಎಲ್ಲರೂ ಬಾಯಿ ಮುಚ್ಚಿಕೊಂಡು ನಿಂತು 30 ಸೆಕೆಂಡ್ ರೆಕಾರ್ಡ್ ಮಾಡಿಕೊಳ್ಳಿ. ಇಲ್ಲದಿದ್ದರೆ ಒಂದು ಶಾಟ್‌ನಲ್ಲಿ ಫ್ಯಾನ್ ಸದ್ದು, ಇನ್ನೊಂದರಲ್ಲಿ ಇಲ್ಲ. ನೋಡುವವರಿಗೆ ಕಟ್ ಕೆಟ್ಟದಾಗಿದೆ ಅನ್ನಿಸುತ್ತದೆ, ಕೆಟ್ಟಿದ್ದು ಮಾತ್ರ ಫ್ಯಾನ್.

ಈ ಹಂತ ಮುಗಿಸಿ ಹಂತ 2ರ ಪಟ್ಟಿ ಮತ್ತೆ ನೋಡಿ. ಟ್ರಾನ್ಸಿಷನ್ ಬೇಕು ಅಂದುಕೊಂಡಿದ್ದ ಎಷ್ಟೋ ಜಾಗ ಈಗಾಗಲೇ ಸರಿಹೋಗಿರುತ್ತದೆ.

## ಹಂತ 5: ಉಳಿದ ಜಾಗಕ್ಕೆ ಟ್ರಾನ್ಸಿಷನ್ ಆರಿಸಿ

ಈಗ ಎಫೆಕ್ಟ್ಸ್ ಪ್ಯಾನೆಲ್ ತೆರೆಯಬಹುದು. ಬೇರೆ ಬೇರೆ ಉದಾಹರಣೆ ಕೊಟ್ಟರೆ ವ್ಯತ್ಯಾಸ ತಿಳಿಯುವುದಿಲ್ಲ. ಅದಕ್ಕೆ ಎರಡೇ ಶಾಟ್ ಇಟ್ಟುಕೊಳ್ಳೋಣ. ಶಿವಮೊಗ್ಗ ಜಿಲ್ಲೆಯ ಸಾಗರದ ಹತ್ತಿರದ ಒಂದು ಮನೆ. ಅಡುಗೆಮನೆಯಲ್ಲಿ ಅಮ್ಮ ಎರಡು ಸ್ಟೀಲ್ ಲೋಟಕ್ಕೆ ಕಾಫಿ ಬಗ್ಗಿಸುತ್ತಿದ್ದಾಳೆ. ಇದು ಮೊದಲ ಶಾಟ್. ಬೆಂಗಳೂರಿಗೆ ಹೊರಟ ರಾತ್ರಿ ಬಸ್ಸು, ಕಿಟಕಿ ಪಕ್ಕ ಮಗ. ಇದು ಎರಡನೆಯದು. ಇಂಥ ಎರಡು ಶಾಟ್ ನೀವೂ ಫೋನಿನಲ್ಲಿ ತೆಗೆದು, ಕೆಳಗಿನ ಪ್ರತಿಯೊಂದನ್ನೂ ಮಾಡಿ ನೋಡಿ.

### ನೇರ ಕಟ್

ಎರಡೂ ಲೋಟ ತುಂಬಿ, ಅಮ್ಮ ತಟ್ಟೆಯಲ್ಲಿಟ್ಟು ತಿರುಗುವಾಗ ಬಸ್ಸಿಗೆ ಕಟ್ ಮಾಡಿ. ಮಗ ಹೋಗಿದ್ದಾನೆ, ಒಂದು ಲೋಟ ಉಳಿಯಿತು. ಇನ್ನೊಮ್ಮೆ, ಎರಡನೇ ಲೋಟಕ್ಕೆ ಕಾಫಿ ಬೀಳುತ್ತಿರುವಾಗಲೇ, ಧಾರೆ ನಿಲ್ಲುವ ಮೊದಲೇ ಕಟ್ ಮಾಡಿ. ಈಗ ಮಗ ಜಗಳ ಮಾಡಿಕೊಂಡು ಎದ್ದು ಹೋದ ಹಾಗೆ ಅನ್ನಿಸುತ್ತದೆ. ಅರ್ಥ ಬದಲಿಸಿದ್ದು ಒಂದೂವರೆ ಸೆಕೆಂಡ್ ಕಾಫಿ.

ಅಮ್ಮ ಪಕ್ಕದ ಮನೆಯವರಿಗೆ "ಇಲ್ಲಪ್ಪ, ಅವನು ಇನ್ನೂ ನಾಲ್ಕು ದಿನ ಇರ್ತಾನೆ" ಅನ್ನುತ್ತಾಳೆ, ತಟ್ಟನೆ ಬಸ್ಸಿನ ಹಾರ್ನ್, ಜೋರಾಗಿ. ಇದನ್ನು ಸ್ಮ್ಯಾಶ್ ಕಟ್ ಅನ್ನುತ್ತಾರೆ. ನಗು ಬರಬಹುದು, ಎದೆ ಚುರುಕ್ ಅನ್ನಬಹುದು. ಅದು ಹಿಂದಿನ ದೃಶ್ಯವನ್ನು ಹೇಗೆ ಕಟ್ಟಿದ್ದೀರಿ ಅನ್ನುವುದರ ಮೇಲೆ. ಇದು ಕೆಲಸ ಮಾಡಬೇಕಾದರೆ ಮೊದಲ ಶಾಟ್‌ನ ಶಬ್ದ ಕಡಿಮೆ ಇರಬೇಕು. ಎರಡೂ ಕಡೆ ಗದ್ದಲ ಇದ್ದರೆ ಸ್ಮ್ಯಾಶ್ ಎಲ್ಲಿಂದ ಬರಬೇಕು?

### ಡಿಸಾಲ್ವ್

24 ಫ್ರೇಮ್ ಡಿಸಾಲ್ವ್ ಹಾಕಿದರೆ "ಹೊತ್ತು ಕಳೆಯಿತು" ಅಂತಷ್ಟೇ ಅರ್ಥ. ಅದನ್ನೇ 72 ಫ್ರೇಮಿಗೆ ಎಳೆಯಿರಿ. ಅಮ್ಮನ ಮುಖ ಬಸ್ಸಿನ ಕಿಟಕಿಯ ಮೇಲೆ ಮೂರು ಸೆಕೆಂಡ್ ತೇಲುತ್ತದೆ. ಈಗ ಹೊತ್ತಿನ ಮಾತೇ ಇಲ್ಲ, ಅವನು ಅವಳನ್ನು ನೆನೆಯುತ್ತಿದ್ದಾನೆ. ಟ್ರಾನ್ಸಿಷನ್‌ನ ಹೆಸರು ಒಂದೇ, ಉದ್ದ ಮಾತ್ರ ಬೇರೆ.

ಡಿಸಾಲ್ವ್‌ನ ಮಧ್ಯದ ಫ್ರೇಮಿನಲ್ಲಿ ನಿಲ್ಲಿಸಿ ನೋಡುವುದನ್ನು ಕಡ್ಡಾಯ ಮಾಡಿಕೊಳ್ಳಿ. ಅಲ್ಲಿ ಎರಡು ಚಿತ್ರ ಸೇರಿ ಮೂರನೇ ಚಿತ್ರ ಆಗಿರುತ್ತದೆ. ಅಮ್ಮನ ಮುಖ ಕಿಟಕಿಯ ಕತ್ತಲ ಭಾಗದ ಮೇಲೆ ಬಂದರೆ ಚೆಂದ. ಮಗನ ಹಣೆಯ ಮೇಲೆ ಕಾಫಿ ಲೋಟ ಮೂಡಿದರೆ ಜನ ನಗುತ್ತಾರೆ. ಶಾಟ್ ಸ್ವಲ್ಪ ದೊಡ್ಡದು ಮಾಡಿ, ಆಚೀಚೆ ಜರುಗಿಸಿ ಸರಿ ಮಾಡಿಕೊಳ್ಳಿ.

### ಫೇಡ್

ಕಪ್ಪಿಗೆ ಹೋಗುವುದು ಅಂದರೆ ಅಧ್ಯಾಯ ಮುಗಿಯಿತು ಅಂತ. ನಾಟಕದಲ್ಲಿ ಪರದೆ ಬಿದ್ದ ಹಾಗೆ. ಇದನ್ನು ಸುಮ್ಮಸುಮ್ಮನೆ ಬಳಸಿದರೆ ಏನಾಗುತ್ತದೆ ಅಂತ ನಾನು ಸ್ವತಃ ಅನುಭವಿಸಿದ್ದೇನೆ. ನನ್ನ ಮೊದಲ ಕಿರುಚಿತ್ರದಲ್ಲಿ ಬಾಗಿಲಲ್ಲಿ ನಿಂತ ಅಜ್ಜಿಯ ಮೇಲೆ ನಿಧಾನವಾಗಿ ಕಪ್ಪಿಗೆ ಫೇಡ್ ಮಾಡಿದ್ದೆ, ಚೆನ್ನಾಗಿ ಕಾಣುತ್ತದೆ ಅಂತ. ಪ್ರದರ್ಶನ ಮುಗಿದ ಮೇಲೆ ಒಬ್ಬರು ಬಂದು "ಅಜ್ಜಿ ತೀರ್ಕೊಂಡ್ರಲ್ಲ, ಆಮೇಲೆ ಫೋನಿನಲ್ಲಿ ಮಾತಾಡಿದ್ದು ಯಾರು?" ಅಂತ ಕೇಳಿದರು. ವಯಸ್ಸಾದವರ ಮೇಲೆ ನಿಧಾನವಾಗಿ ಕಪ್ಪು ಇಳಿದರೆ ನಮ್ಮ ಜನ ಅದನ್ನು ಸಾವು ಅಂತಲೇ ಓದುತ್ತಾರೆ. ಅವರ ತಪ್ಪಲ್ಲ. ನಾನೇ ಹಾಗೆ ಹೇಳಿದ್ದೆ, ನನಗೆ ಗೊತ್ತಿರಲಿಲ್ಲ.

ಹತ್ತು ನಿಮಿಷದ ಸಿನಿಮಾದಲ್ಲಿ ಶುರು ಮತ್ತು ಕೊನೆ ಬಿಟ್ಟರೆ ಇನ್ನೊಂದು ಫೇಡ್ ಸಾಕು. ಎರಡಾದರೆ ಎರಡನೆಯದಕ್ಕೆ ಜನ ಬ್ಯಾಗ್ ಎತ್ತಿಕೊಳ್ಳುತ್ತಾರೆ, ಸಿನಿಮಾ ಮುಗಿಯಿತು ಅಂತ. ಬಿಳಿಗೆ ಫೇಡ್ ಮಾಡುವುದು ಕನಸು, ಪ್ರಜ್ಞೆ ತಪ್ಪುವುದು, ಸ್ವರ್ಗ, ಇಷ್ಟಕ್ಕೇ ಸವೆದುಹೋಗಿದೆ. ಆ ಅರ್ಥ ಬೇಡದಿದ್ದರೆ ಮುಟ್ಟಬೇಡಿ.

### ಶಬ್ದದ ಮೂಲಕ

ಅಮ್ಮ ಕಾಫಿ ಬಗ್ಗಿಸುವಾಗಲೇ ಬಸ್ಸಿನ ಇಂಜಿನ್ ಸದ್ದು ಕೆಳಗಿಂದ ಏಳಲಿ. ಅಡುಗೆಮನೆಯಲ್ಲಿ ಬಸ್ಸಿಲ್ಲ, ಆದರೂ ಅವಳ ತಲೆಯೊಳಗೆ ಆಗಲೇ ಬಸ್ಸು ಹೊರಟಿದೆ. ಇದು ಜೆ-ಕಟ್. ತಿರುಗಿಸಿ ನೋಡಿ: ಚಿತ್ರ ಬಸ್ಸಿಗೆ ಬಂದಾಗಿದೆ, ಅಮ್ಮನ ದನಿ ಇನ್ನೂ ಇದೆ, "ಸ್ವೆಟರ್ ಬ್ಯಾಗಿನ ಮೇಲೇ ಇಟ್ಟಿದೀನಿ ಕಣೋ". ಮಗ ಕಿಟಕಿ ಮುಚ್ಚುತ್ತಾನೆ. ಇದು ಎಲ್-ಕಟ್. ನನ್ನನ್ನು ಕೇಳಿದರೆ ಈ ಎರಡು ಶಾಟ್‌ಗಳಿಗೆ ಇದೇ ಸರಿ. ಡಿಸಾಲ್ವ್ ಮೂರು ಸೆಕೆಂಡ್ ತೇಲಿಸಿ ಹೇಳಿದ್ದನ್ನು ಇದು ಒಂದು ಸ್ವೆಟರ್‌ನಲ್ಲಿ ಹೇಳುತ್ತದೆ.

### ಮ್ಯಾಚ್ ಕಟ್

ಕಾಫಿಯ ಹಬೆಯಿಂದ ಕಿಟಕಿ ಗಾಜಿನ ಮೇಲಿನ ಮಂಜಿಗೆ. ದುಂಡು ಲೋಟದ ಬಾಯಿಂದ ಬಸ್ಸಿನ ದುಂಡು ಹೆಡ್‌ಲೈಟಿಗೆ. ಆಕಾರ, ಚಲನೆ ಅಥವಾ ಬಣ್ಣ ಒಂದೇ ಜಾಗದಲ್ಲಿ, ಒಂದೇ ಅಳತೆಯಲ್ಲಿ ಇರಬೇಕು. ಇದು ಎಡಿಟಿಂಗ್ ಟೇಬಲ್ ಮೇಲೆ ಹುಟ್ಟುವುದು ಅಪರೂಪ. ಶೂಟಿಂಗ್‌ನಲ್ಲೇ ಮೊದಲ ಶಾಟ್‌ನ ಕೊನೆಯ ಫ್ರೇಮನ್ನು ಫೋನಿನಲ್ಲಿ ಇಟ್ಟುಕೊಂಡು ಎರಡನೆಯದನ್ನು ಹೊಂದಿಸಿ. ಇಡೀ ಸಿನಿಮಾಕ್ಕೆ ಒಂದಿದ್ದರೆ ಜನ ನೆನಪಿಡುತ್ತಾರೆ, ನಾಲ್ಕಿದ್ದರೆ ಕಥೆ ಬಿಟ್ಟು ಐದನೆಯದನ್ನು ಹುಡುಕುತ್ತಾ ಕೂರುತ್ತಾರೆ.

### ವೈಪ್, ಗ್ಲಿಚ್, ಝೂಮ್

ಪರದೆ ಒರೆಸಿದ ಹಾಗೆ ಬರುವ ವೈಪನ್ನು ಜಪಾನಿನ ನಿರ್ದೇಶಕ ಅಕಿರ ಕುರೊಸಾವಾ ಧಾರಾಳವಾಗಿ ಬಳಸಿದ್ದಾರೆ, ಗಂಭೀರ ಸಿನಿಮಾಗಳಲ್ಲೇ. ಹಾಗಾಗಿ ಅದು ಕೆಟ್ಟದ್ದು ಅನ್ನಲಾರೆ. ಆದರೆ ಅವರು ಮೊದಲಿಂದ ಕೊನೆಯವರೆಗೆ ಅದನ್ನೇ ಭಾಷೆ ಮಾಡಿಕೊಂಡಿದ್ದರು. ನಮ್ಮ ಅಮ್ಮ ಮತ್ತು ಬಸ್ಸಿನ ನಡುವೆ ಒಂದೇ ಒಂದು ವೈಪ್ ತಂದರೆ ಕಾಫಿ ಪುಡಿ ಜಾಹೀರಾತು ಆಗುತ್ತದೆ. ಚಿತ್ರ ಕೆಟ್ಟು ಹರಿದ ಹಾಗೆ ಕಾಣುವ ಗ್ಲಿಚ್‌ಗೆ ಕಥೆಯಲ್ಲಿ ಕಾರಣ ಇದ್ದರೆ ಸರಿ, ಉದಾಹರಣೆಗೆ ಸಿಸಿಟಿವಿ ಅಥವಾ ವಿಡಿಯೋ ಕಾಲ್. ಇಲ್ಲದಿದ್ದರೆ ರೀಲ್ಸಿಗೆ ಬಿಡಿ.

## ಹಂತ 6: ಉದ್ದ ಮತ್ತು ಹ್ಯಾಂಡಲ್ ಲೆಕ್ಕ ಹಾಕಿ

24 ಫ್ರೇಮ್ ಡಿಸಾಲ್ವ್ ಕಟ್‌ನ ಮಧ್ಯದಲ್ಲಿ ಕೂತರೆ, ಮೊದಲ ಶಾಟ್ ಕಟ್ ಆದ ಮೇಲೂ 12 ಫ್ರೇಮ್ ಬೇಕು, ಎರಡನೆಯದು ಕಟ್‌ಗೆ ಮೊದಲೇ 12 ಫ್ರೇಮ್ ಬೇಕು. ಕತ್ತರಿಸಿ ಬಚ್ಚಿಟ್ಟಿರುವ ಈ ಹೆಚ್ಚುವರಿ ಭಾಗವನ್ನೇ ಹ್ಯಾಂಡಲ್ ಅನ್ನುವುದು. ಅದು ಇಲ್ಲದಿದ್ದರೆ ಪ್ರೀಮಿಯರ್ "ಇನ್‌ಸಫಿಶಿಯೆಂಟ್ ಮೀಡಿಯಾ" ಅಂತ ಕೂಗಿ, ಕೊನೆಯ ಫ್ರೇಮನ್ನೇ ಹಿಡಿದು ನಿಲ್ಲಿಸುತ್ತದೆ. ಚಲನೆ ನಡುವೆ ಚಿತ್ರ ಮರಗಟ್ಟಿದ ಹಾಗೆ ಕಾಣುತ್ತದೆ. ರಿಸಾಲ್ವ್ ಕ್ಲಿಪ್ ಟ್ರಿಮ್ ಮಾಡಲಾ ಅಂತ ಕೇಳುತ್ತದೆ. ಓದದೆ ಹೂಂ ಅಂದರೆ ಹಂತ 3ರಲ್ಲಿ ಕೂಡಿಸಿದ್ದ ಕಟ್ ಜರುಗುತ್ತದೆ.

ಬಚ್ಚಿಟ್ಟ ಆ 12 ಫ್ರೇಮಿನಲ್ಲಿ ಏನಿದೆ ಅಂತಲೂ ನೋಡಿ. ನಿರ್ದೇಶಕರು "ಕಟ್" ಅಂದ ಕೂಡಲೇ ನಟ ನಕ್ಕಿರಬಹುದು, ಕ್ಯಾಮೆರಾ ಅಲುಗಿರಬಹುದು. ಡಿಸಾಲ್ವ್ ಅದನ್ನೂ ಎಳೆದು ತಂದು ತೋರಿಸುತ್ತದೆ. ಇದರ ಪರಿಹಾರ ಶೂಟಿಂಗ್‌ನಲ್ಲಿದೆ: ಆಕ್ಷನ್‌ಗೆ ಮೊದಲು ಮೂರು ಸೆಕೆಂಡ್, ಕಟ್‌ಗೆ ಮೊದಲು ಮೂರು ಸೆಕೆಂಡ್ ಕ್ಯಾಮೆರಾ ಓಡುತ್ತಿರಲಿ, ನಟರೂ ಪಾತ್ರದಲ್ಲೇ ಇರಲಿ.

ಸಾಫ್ಟ್‌ವೇರ್ ತಾನಾಗಿ ಕೊಡುವ ಒಂದು ಸೆಕೆಂಡನ್ನು ಎಲ್ಲ ಕಡೆ ಹಾಗೇ ಬಿಡಬೇಡಿ. ಆರೆಂಟು ಫ್ರೇಮಿನ ಡಿಸಾಲ್ವ್ ಬಂದದ್ದು ಕಾಣುವುದೂ ಇಲ್ಲ, ಕಾಣದೆ ಇರುವುದೂ ಇಲ್ಲ. ಏನೋ ಮುಚ್ಚಿಡುತ್ತಿದ್ದಾರೆ ಅನ್ನಿಸುತ್ತದೆ, ನಿಜಕ್ಕೂ ಮುಚ್ಚಿಡುತ್ತಿರುತ್ತೀರಿ.

## ಹಂತ 7: ಎಫೆಕ್ಟ್‌ಗಳಿಗೆ ನಿಯಮ ಬರೆಯಿರಿ

ಫ್ಲ್ಯಾಶ್‌ಬ್ಯಾಕ್ ಅಂದರೆ ಪರದೆ ನೀರಿನ ಹಾಗೆ ಅಲುಗಾಡಿ ವೀಣೆ ಝಲ್ ಅನ್ನಬೇಕಿದ್ದ ಕಾಲ ಹೋಯಿತು. ಈಗ ಕಂದು ಬಣ್ಣ ಹಚ್ಚುತ್ತಾರೆ. ಬಣ್ಣ ಹಚ್ಚುವುದು ತಪ್ಪಲ್ಲ, ನಿಯಮ ಇಲ್ಲದಿರುವುದು ತಪ್ಪು. 2013ರ 'ಲೂಸಿಯಾ'ದಲ್ಲಿ ನಾಯಕನ ಒಂದು ಬದುಕು ಬಣ್ಣದಲ್ಲಿ, ಇನ್ನೊಂದು ಕಪ್ಪು-ಬಿಳುಪಿನಲ್ಲಿ. ಆ ನಿಯಮ ನೋಡುವವರಿಗೆ ಬೇಗ ಅರ್ಥವಾಗುತ್ತದೆ. ಆಮೇಲೆ ಒಂದು ಲೋಕದಿಂದ ಇನ್ನೊಂದಕ್ಕೆ ನೇರ ಕಟ್ ಮಾಡಿದರೂ ಯಾರೂ ಕಳೆದುಹೋಗುವುದಿಲ್ಲ. ನೀವೂ ನೋಟ್‌ಬುಕ್‌ನಲ್ಲಿ ಬರೆಯಿರಿ: "ನೆನಪು = ಬಣ್ಣ ಕಡಿಮೆ." ಬರೆದ ಮೇಲೆ ಚೆಂದ ಕಾಣುತ್ತದೆ ಅಂತ ವರ್ತಮಾನದ ಒಂದು ಸಂಜೆಗೂ ಬಣ್ಣ ಕಡಿಮೆ ಮಾಡುವಂತಿಲ್ಲ.

ಸ್ಲೋ ಮೋಷನ್ ಬೇಕಾದರೆ ಶೂಟಿಂಗ್‌ನಲ್ಲೇ ಸೆಕೆಂಡಿಗೆ 48 ಅಥವಾ 50 ಫ್ರೇಮ್ ತೆಗೆಯಿರಿ. 24ರಲ್ಲಿ ತೆಗೆದು ಅರ್ಧ ವೇಗ ಮಾಡಿದರೆ ಪ್ರತಿ ಫ್ರೇಮ್ ಎರಡು ಸಲ ಕಾಣುತ್ತದೆ, ಚಿತ್ರ ತೊದಲುತ್ತದೆ. ಆಪ್ಟಿಕಲ್ ಫ್ಲೋ ಹಾಕಿದರೆ ಸಾಫ್ಟ್‌ವೇರ್ ನಡುವಿನ ಫ್ರೇಮ್‌ಗಳನ್ನು ಊಹಿಸಿ ತುಂಬುತ್ತದೆ, ಆದರೆ ಬೆರಳು, ಸೀರೆ ಅಂಚು, ಹಾರುವ ಕೂದಲು ಕರಗಿದ ಮೇಣದ ಹಾಗಾಗುತ್ತವೆ. ಅರ್ಥದ ಲೆಕ್ಕದಲ್ಲಿ ಸ್ಲೋ ಮೋಷನ್ ಅಂದರೆ "ಇದನ್ನು ನೋಡು" ಅಂತ ಬೆರಳು ತೋರಿಸುವುದು. ಹೀರೋ ನಡೆದು ಬರುವಾಗಲೂ ಅದೇ, ಲೋಟ ಬೀಳುವಾಗಲೂ ಅದೇ ಆದರೆ ಯಾವುದನ್ನು ನೋಡಬೇಕು?

ಧಾರಾವಾಹಿಯ ಚಾಳಿ ಗೊತ್ತಲ್ಲ, ಅತ್ತೆ ಬೆಚ್ಚಿಬಿದ್ದದ್ದನ್ನು ಮೂರು ಸಲ ಝೂಮ್ ಮಾಡಿ ಧಡ್ ಧಡ್ ಧಡ್. ವಾರದಲ್ಲಿ ಐದಾರು ದಿನ, ಒಗ್ಗರಣೆ ಹಾಕುತ್ತಾ ನೋಡುವವರಿಗೆ ಅದು ಬೇಕಾಗಬಹುದು. ಕತ್ತಲಲ್ಲಿ ಕೂತು ಗಮನವಿಟ್ಟು ನೋಡುವವರಿಗೆ ಒಂದು ಸಲ ಸಾಕು.

ಚಿತ್ರವನ್ನು ತಟ್ಟನೆ ನಿಲ್ಲಿಸುವುದೂ ಎಫೆಕ್ಟೇ. ಸತ್ಯಜಿತ್ ರಾಯ್ ಅವರ 'ಚಾರುಲತಾ' (1964) ಕೊನೆಯಲ್ಲಿ ಗಂಡ ಹೆಂಡತಿಯ ಕೈಗಳು ಇನ್ನೇನು ಸೇರಬೇಕು ಅನ್ನುವಾಗ ಚಿತ್ರ ನಿಂತುಬಿಡುತ್ತದೆ. ಕೈ ಸೇರಿತಾ ಇಲ್ಲವಾ ಅನ್ನುವುದು ಅಲ್ಲೇ ಉಳಿಯುತ್ತದೆ. ಒಂದು ಕೆಲಸ ಅರ್ಧಕ್ಕೆ ನಿಂತಾಗ ಮಾತ್ರ ಇದಕ್ಕೆ ಬಲ. ಸುಮ್ಮನೆ ಕೂತವನ ಮೇಲೆ ಫ್ರೀಜ್ ಮಾಡಿದರೆ ಇಂಟರ್ನೆಟ್ ಹೋಯಿತಾ ಅಂತ ನೋಡುತ್ತಾರೆ.

## ಹಂತ 8: ನಾಲ್ಕು ಸಲ ನೋಡಿ

ಮೊದಲ ಸಲ ಶಬ್ದ ತೆಗೆದು ನೋಡಿ. ಹೊತ್ತು, ಜಾಗ, ಯಾರ ಕಥೆ ಅನ್ನುವುದು ಚಿತ್ರದಿಂದಲೇ ತಿಳಿಯುತ್ತದಾ? ಎರಡನೇ ಸಲ ಕಣ್ಣು ಮುಚ್ಚಿ ಕೇಳಿ. ಎಲ್ಲಾದರೂ ಶಬ್ದ ಕಡಿದು ಬಿದ್ದ ಹಾಗಾದರೆ ಅಲ್ಲಿ ಕೈ ಎತ್ತಿ, ಪಕ್ಕದವರು ಸಮಯ ಬರೆದುಕೊಳ್ಳಲಿ. ಮೂರನೇ ಸಲ, ಹಾಕಿದ ಎಲ್ಲ ಟ್ರಾನ್ಸಿಷನ್‌ಗಳನ್ನೂ ಅಳಿಸಿದ ಇನ್ನೊಂದು ಟೈಮ್‌ಲೈನ್ ಮಾಡಿ ನೋಡಿ. ಯಾವುದರ ಕೊರತೆ ಕಾಣಲಿಲ್ಲವೋ ಅದು ಮೊದಲೂ ಬೇಕಿರಲಿಲ್ಲ. ನನ್ನ ಕೆಲಸದಲ್ಲಿ ಈ ಸುತ್ತಿನಲ್ಲಿ ಕನಿಷ್ಠ ಒಂದಾದರೂ ಉದುರುತ್ತದೆ.

ನಾಲ್ಕನೇ ಸಲ ಕಥೆ ಗೊತ್ತಿಲ್ಲದ ಆ ಮನುಷ್ಯನ ಜೊತೆ ಕೂರಿ. ಪರದೆ ನೋಡಬೇಡಿ, ಅವರ ಮುಖ ನೋಡಿ. ಮುಗಿದ ಮೇಲೆ "ಹೇಗಿತ್ತು?" ಅನ್ನಬೇಡಿ, "ಚೆನ್ನಾಗಿತ್ತು" ಅಂತಾರೆ, ಅಷ್ಟೇ. "ಏನಾಯ್ತು, ಕಥೆ ಹೇಳಿ" ಅನ್ನಿ. ಅವರು ಕಥೆ ಹೇಳುವಾಗ "ಆಮೇಲೆ", "ಅಷ್ಟರಲ್ಲಿ" ಎಲ್ಲೆಲ್ಲಿ ಬಳಸುತ್ತಾರೆ ಕೇಳಿಸಿಕೊಳ್ಳಿ. ಹಂತ 2ರ ನೋಟ್‌ಬುಕ್ ಜೊತೆ ಹೋಲಿಸಿ. ಎಲ್ಲಿ ತಾಳೆ ಆಗಲಿಲ್ಲವೋ ಆ ಜೋಡಣೆ ಮತ್ತೆ ಮಾಡಬೇಕು.

ಕೆಲವು ಲಕ್ಷಣ ಕಂಡರೆ ತಕ್ಷಣ ನಿಲ್ಲಿಸಿ ಹಿಂದಿನ ಹಂತಕ್ಕೆ ಹೋಗಿ:

- "ಇದು ಕನಸಾ?" ಅಂತ ಕೇಳಿದರೆ, ಡಿಸಾಲ್ವ್ ಜಾಸ್ತಿ ಉದ್ದವಾಗಿದೆ.
- ದೃಶ್ಯ ಬದಲಾದ ಮೇಲೆ ಅವರ ಹುಬ್ಬು ಎರಡು ಮೂರು ಸೆಕೆಂಡ್ ಗಂಟಿಕ್ಕಿದ್ದರೆ, ಹೊಸ ಜಾಗದ ಗುರುತು ತಡವಾಗಿ ಬಂದಿದೆ. ಶಬ್ದವನ್ನು ಮುಂಚೆ ತನ್ನಿ.
- ಫೋನ್ ನೋಡಿದರೆ, ಆ ಕ್ಷಣಕ್ಕೆ ಮೊದಲಿನ ಶಾಟ್ ಉದ್ದವಾಗಿದೆ. ಟ್ರಾನ್ಸಿಷನ್ ಹಾಕಿ ಉಳಿಸಲು ಹೋಗಬೇಡಿ, ಕತ್ತರಿಸಿ.
- "ಎಡಿಟಿಂಗ್ ಸೂಪರ್" ಅಂತ ಹೊಗಳಿ ಕಥೆ ಹೇಳಲು ತಡವರಿಸಿದರೆ, ಹಂತ 1.

ಇನ್ನು ಎಕ್ಸ್‌ಪೋರ್ಟ್. ಆದ ಫೈಲನ್ನು ಪೂರ್ತಿ ಒಂದು ಸಲ ದೊಡ್ಡ ಟಿವಿಯಲ್ಲಿ ನೋಡಿ. ಎರಡು ಕ್ಲಿಪ್‌ಗಳ ನಡುವೆ ಒಂದೇ ಫ್ರೇಮ್ ಖಾಲಿ ಬಿಟ್ಟಿದ್ದರೂ ಅಲ್ಲಿ ಕಪ್ಪು ಮಿಂಚುತ್ತದೆ. ಚಿಕ್ಕ ಪರದೆಯಲ್ಲಿ ತಪ್ಪಿಸಿಕೊಂಡದ್ದು ಅಲ್ಲಿ ಸಿಕ್ಕಿಬೀಳುತ್ತದೆ. ಯೂಟ್ಯೂಬಿಗೆ ಹಾಕುವುದಾದರೆ ಕೊನೆಯ ಫೇಡ್ ಆದ ಮೇಲೆ ಎರಡು ಸೆಕೆಂಡ್ ಬರೀ ಕಪ್ಪು ಬಿಡಿ. ಇಲ್ಲದಿದ್ದರೆ ಅಮ್ಮನ ಮುಖ ಮಾಯವಾಗುವಷ್ಟರಲ್ಲಿ ಮುಂದಿನ ವಿಡಿಯೋದ ಥಂಬ್‌ನೇಲ್ ಬಂದು ಕೂತಿರುತ್ತದೆ.